ಮಳೆ ನಿಂತ ಹತ್ತನೇ ದಿನ

ಬೆಸೆಂಟ್ ನಗರದ ಮನೆಮನೆಗೆ ಹೋಗಿ, ನಿಂತ ನೀರಿನಲ್ಲಿ ಸೊಳ್ಳೆಮರಿ ಇದೆಯೇ ಎಂದು ನೋಡಿ ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ಆ ವರ್ಷ ಮೂರು ದಿನ ಬಿಡದೆ ಮಳೆ ಸುರಿಯಿತು. ನಿಂತ ಮರುದಿನ ನೋಡಿದರೆ ಹೂಕುಂಡ, ಬಕೆಟ್ಟು, ಹಳೇ ಟೈರು, ಎಲ್ಲೂ ಒಂದು ಮರಿಯಿಲ್ಲ. ನೀರು ತುಂಬಿ ಹರಿದು ಎಲ್ಲವನ್ನೂ ಕೊಚ್ಚಿಕೊಂಡು ಹೋಗಿತ್ತು.

ಕೆಲಸದ ಜೊತೆಗಾತಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಬಿಸಿಲು ಬಿದ್ದರೆ ಉಳಿದ ನೀರಿನಲ್ಲೇ ಹೊಸ ಮರಿಗಳಾಗಿ, ವಾರ ಹತ್ತು ದಿನದಲ್ಲಿ ರೆಕ್ಕೆ ಬಂದುಬಿಡುತ್ತವೆ. ಬೀದಿಯವರನ್ನೆಲ್ಲ ಕಾಡಿ ನೀರು ಚೆಲ್ಲಿಸಿದೆ.

ಹತ್ತನೇ ದಿನಕ್ಕೆ ಬೀದಿ ಒಣಗಿತ್ತು, ಸೊಳ್ಳೆಯೂ ಕಡಿಮೆ. ನಮ್ಮ ಮನೆಯೊಳಗೆ ಮಾತ್ರ ಮಳೆಗೆ ಮುಂಚಿನಿಂದಲೂ ಹಗಲಲ್ಲೇ ಕಚ್ಚುತ್ತಿದ್ದ ಪಟ್ಟೆಸೊಳ್ಳೆ ಹಾಗೆಯೇ ಇತ್ತು. ಹೊರಗಿನಿಂದ ಬರುತ್ತಿರಬೇಕು ಅಂದುಕೊಂಡಿದ್ದೆ. ಅಂದು ಶಾಲೆಯಿಂದ ಬಂದ ಮಗಳು ಬ್ಯಾಗನ್ನೂ ಇಳಿಸದೆ ಸೋಫಾಕ್ಕೆ ಒರಗಿ, ಶಾಲೆಯ ತಮಿಳಲ್ಲೇ ಅಂದಳು,

"ಅಮ್ಮಾ, ಕಣ್ಣು ಪಿನ್ನಾಡಿ ರೊಂಬ ವಲಿಕ್ಕುದು."

ಹಣೆ ಸುಡುತ್ತಿತ್ತು. ಕಣ್ಣಿನ ಹಿಂದೆ ನೋವೆಂದರೆ ಯಾವ ಜ್ವರವಿರಬಹುದೆಂದು ಊರಿಗೆಲ್ಲ ಹೇಳಿಕೊಂಡು ಬಂದವಳು ನಾನೇ. ರಕ್ತಪರೀಕ್ಷೆಯಲ್ಲಿ ಡೆಂಗ್ಯೂ ಎಂದೇ ಬಂತು.

ಮಗಳ ಪಕ್ಕ ಕೂತಿದ್ದ ಗಂಡ ಮೆಲ್ಲಗೆ ಕೇಳಿದರು, "ಎಲ್ರ ಮನೇನೂ ನೋಡ್ತೀಯ. ನಮ್ಮನೇಲಿ ನೋಡಿದ್ಯಾ?"

ನೋಡಿರಲಿಲ್ಲ. ಟಾರ್ಚ್ ಹಿಡಿದು ಬಚ್ಚಲು, ಬಾಲ್ಕನಿ ಎಲ್ಲ ಹುಡುಕಿದೆ. ಕೊನೆಗೆ ಫ್ರಿಜ್ ಎಳೆದು, ಹಿಂದೆ ನೀರು ತೊಟ್ಟಿಕ್ಕುವ ತಟ್ಟೆಗೆ ಬೆಳಕು ಬಿಟ್ಟೆ. ಬೆಚ್ಚಗಿನ ನೀರಿನಲ್ಲಿ ಮರಿಗಳು ಕೊಂಕಿ ಕೊಂಕಿ ಕೆಳಗಿಳಿದವು. ಮಳೆ ಅವನ್ನು ಕೊಚ್ಚುವಂತಿರಲಿಲ್ಲ, ಬಿಸಿಲು ಒಣಗಿಸುವಂತಿರಲಿಲ್ಲ. ನೀರು ಚೆಲ್ಲಿ ತಟ್ಟೆಯನ್ನು ಉಜ್ಜಿ ತೊಳೆದೆ.

ನಾಲ್ಕನೇ ದಿನ ಜ್ವರ ಇಳಿಯಿತು. "ಜ್ವರ ಬಿಟ್ಟ ಮೇಲಿನ ಎರಡು ದಿನವೇ ಜಾಸ್ತಿ ಎಚ್ಚರ ಬೇಕು," ಎಂದು ಡಾಕ್ಟರು ಅವಳನ್ನು ಆಸ್ಪತ್ರೆಯಲ್ಲಿ ಉಳಿಸಿಕೊಂಡರು. ಪ್ಲೇಟ್‌ಲೆಟ್ ಮೊದಲ ದಿನ ಇಳಿಯಿತು, ಎರಡನೇ ದಿನ ಇನ್ನೂ ಇಳಿಯಿತು. ನರ್ಸ್ ಚೀಟಿ ಹಿಡಿದು ಬಂದಾಗಲೆಲ್ಲ ಅದನ್ನು ಓದುವ ಮೊದಲು ಅವಳ ಮುಖ ಓದುತ್ತಿದ್ದೆ. ಹಲ್ಲುಜ್ಜಿದ ನೀರಿನಲ್ಲಿ ರಕ್ತವಿದೆಯೇ ಎಂದು ಮಗಳಿಗೆ ಕಾಣದಂತೆ ಬಗ್ಗಿ ನೋಡುತ್ತಿದ್ದೆ.

ಮೂರನೇ ಬೆಳಿಗ್ಗೆ ಪ್ಲೇಟ್‌ಲೆಟ್ ಏರತೊಡಗಿತು. ಮಗಳು ಇಡ್ಲಿ ಬೇಡವೆಂದು ಮುಖ ತಿರುಗಿಸಿ, "ಪರೋಟಾ ಬೇಕು," ಎಂದು ಹಟ ಹಿಡಿದಾಗ ಬೈಯಲು ಹೋಗಿ ಅತ್ತುಬಿಟ್ಟೆ.

ಕೆಲಸಕ್ಕೆ ಮರಳಿದ ದಿನ, ಮರಿ ಸಿಕ್ಕ ಮನೆಗಳ ರಿಜಿಸ್ಟರಿನಲ್ಲಿ ಮೊದಲು ನಮ್ಮ ಮನೆಯನ್ನೇ ಬರೆದೆ. ಜೊತೆಗಾತಿ ಇಣುಕಿ ನೋಡಿ, "ಅಕ್ಕಾ, ಉಂಗ ವೀಡಾ?" ಎಂದಳು.

"ಹೌದು, ನಮ್ಮದೇ ಮನೆ," ಎಂದೆ.