ಕಂಪ್ಲಿ ಹುಡುಗನ ಮೀಸೆಗೆ ಮೂವತ್ತೊಂದು ವರ್ಷ

ಇದನ್ನು ಹೇಳಿದರೆ ನೀವು ನಂಬುವುದಿಲ್ಲ. ನನಗೇನೂ ಬೇಜಾರಿಲ್ಲ, ಮೊಬೈಲಿಗೆ ಬರುವ ಲಾಟರಿ ಮೆಸೇಜುಗಳನ್ನೆಲ್ಲ ನಂಬುವ ನಮ್ಮ ಅಜ್ಜಿಯೇ ಇದನ್ನು ನಂಬಿಲ್ಲ. ಆದರೂ ಹೊಸಪೇಟೆಯ ನಮ್ಮ ಓಣಿಯ ಕಬಡ್ಡಿ ತಂಡಕ್ಕೆ ಸಂಡೂರಿನಲ್ಲಿ ಆದದ್ದು ಇದೇ. ಆ ತಂಡದಲ್ಲಿ ನಾನು ಬಹಳ ಮುಖ್ಯವಾದ ಆಟಗಾರ. ಎಂಟನೆಯವನು. ಕಣಕ್ಕಿಳಿಯುವವರು ಏಳೇ ಜನ ಎಂಬುದನ್ನು ನಾನು ಎಲ್ಲರಿಗೂ ಹೇಳಿಕೊಂಡು ತಿರುಗುವುದಿಲ್ಲ.

ತೊಡೆಯಲ್ಲಿ ಬಲ ಇಲ್ಲದವನಿಗೆ ದೇವರು ತಲೆ ಕೊಟ್ಟಿರುತ್ತಾನೆ. ಆ ರಜೆಯಲ್ಲಿ ಅಕ್ಕನ ಲ್ಯಾಪ್‌ಟಾಪಿನಲ್ಲಿ ನಾನೊಂದು ಪ್ರೋಗ್ರಾಂ ಮಾಡಿದ್ದೆ. ಮಾಡಿದ್ದೆ ಅಂದರೆ, ಯಾರೋ ಪುಣ್ಯಾತ್ಮರು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಬಿಟ್ಟಿದ್ದನ್ನು ಇಳಿಸಿಕೊಂಡು ಮೇಲೆ ನನ್ನ ಹೆಸರು ಹಾಕಿದ್ದೆ. ವಿಡಿಯೊ ಕೊಟ್ಟರೆ ಅದು ಒಂದೊಂದು ಚಿತ್ರವನ್ನೂ ಬಿಡಿಬಿಡಿಯಾಗಿ ನೋಡಿ, ಮುಖ ಕಂಡಲ್ಲಿ ಹಸಿರು ಚೌಕ ಎಳೆದು, ಚೌಕದ ನೆತ್ತಿಯ ಮೇಲೆ ವಯಸ್ಸು ಬರೆಯುತ್ತಿತ್ತು. ಹಿಂದೆ ಎಲ್ಲೆಲ್ಲಿಯದೋ ಲಕ್ಷಾಂತರ ಮುಖಗಳನ್ನು ವಯಸ್ಸಿನ ಸಮೇತ ನೋಡಿ ಕಲಿತದ್ದಂತೆ. ನಮ್ಮ ಕಡೆಯ ಬಿಸಿಲಿನಲ್ಲಿ ಬೆಂದ ಮುಖ ಅದರಲ್ಲಿ ಎಷ್ಟಿದ್ದವೋ ಗೊತ್ತಿಲ್ಲ.

ಮೊದಲ ಪರೀಕ್ಷೆ ಹಂಪಿಯಲ್ಲಿ ಮಾಡಿದೆ. ನರಸಿಂಹನ ಎದುರು ನಿಂತು ವಿಡಿಯೊ ಮಾಡಿದರೆ, ನೂರಾರು ವರ್ಷದಿಂದ ಕಣ್ಣು ಬಿಟ್ಟುಕೊಂಡು ಕೂತಿರುವ ದೇವರಿಗೆ ಮೂವತ್ತಾರು ಎಂದಿತು. ನಿಂತಿದ್ದ ಆಟೊದ ಹಿಂಭಾಗದಲ್ಲಿ ಒಂದು ಮುಖ ಕಂಡು, ಅದಕ್ಕೆ ಒಂಬತ್ತು ವರ್ಷ ಎಂದಿತು. ಅದರ ಪಕ್ಕದಲ್ಲೇ ಸೆರಗು ಹೊದ್ದು ಬಾಳೆಹಣ್ಣು ಮಾರುತ್ತಿದ್ದ ಅಜ್ಜಿ ಅದರ ಕಣ್ಣಿಗೆ ಬೀಳಲೇ ಇಲ್ಲ. ಆಟೊದ ಎರಡು ದೀಪ ಕಣ್ಣು, ನಂಬರ್ ಪ್ಲೇಟು ಬಾಯಿ ಎಂದುಕೊಂಡಿತೇ? ಹಾಗಾದರೆ ಕಣ್ಣು, ಮೂಗು, ಬಾಯಿ ಎಲ್ಲ ಇದ್ದ ಅಜ್ಜಿ ಏನು ತಪ್ಪು ಮಾಡಿದ್ದಳು? ಮನೆಗೆ ಬಂದು ನಾನೇ ಅಮ್ಮನ ಸೆರಗು ಹೊದ್ದು ಕ್ಯಾಮೆರಾ ಮುಂದೆ ಕೂತು ನೋಡಿದೆ. ಅದು ನನ್ನನ್ನೂ ಕಾಣಲಿಲ್ಲ. ಬಾಗಿಲಿಗೆ ಬಂದ ಅಕ್ಕ ಮಾತ್ರ ನನ್ನನ್ನು ಕಂಡಳು. ಆ ಕಥೆ ಬೇಡ.

ಇನ್ನು ಸಂಡೂರು. ಅದು ಹದಿನೇಳರೊಳಗಿನ ಹುಡುಗರ ಟೂರ್ನಿ. ಶಾಲೆಯ ಐಡಿ ಕಾರ್ಡು ತನ್ನಿ ಎಂದಿದ್ದರು, ಯಾವ ತಂಡವೂ ತಂದಿರಲಿಲ್ಲ. ಹಾಗಾಗಿ ಟೂರ್ನಿ ನಡೆಸುತ್ತಿದ್ದ ಪಿ.ಟಿ. ಮಾಸ್ತರರು ಬಾಗಿಲಲ್ಲಿ ನಿಂತು ಮುಖ ನೋಡಿ ಒಬ್ಬೊಬ್ಬರನ್ನೇ ಒಳಗೆ ಬಿಟ್ಟಿದ್ದರು. ಸೆಮಿಫೈನಲಿನಲ್ಲಿ ನಮಗೆ ಎದುರಾದದ್ದು ಕಂಪ್ಲಿ. ಅವರ ಒಬ್ಬ ರೈಡರ್ ನಮ್ಮ ಇಡೀ ತಂಡವನ್ನು ಭತ್ತ ಕೇರಿದ ಹಾಗೆ ಕೇರಿ ಹೊರಗೆ ಹಾಕಿದ. ಅವನಿಗೆ ಮೀಸೆ ಇತ್ತು. ಚಿಗುರು ಮೀಸೆಯಲ್ಲ; ಒಂದು ಪಾರಿವಾಳ ಬಂದು ಕೂತರೂ ಬೀಳದಂಥ ಮೀಸೆ.

"ಅವಂಗ ಎರಡು ಮಕ್ಕಳದಾವಲೇ," ಎಂದೆ ನಮ್ಮವರಿಗೆ. "ದೊಡ್ಡದು ಅಂಗನವಾಡಿಗೆ ಹೋಗ್ತೈತಿ."

"ನಿಂಗ್ಯಾರ್ ಹೇಳಿದ್ರು?"

"ಮೀಸಿನ ಹೇಳ್ತೈತಿ."

ಅಷ್ಟರಲ್ಲಿ ಮೈಕಿನಲ್ಲಿ ಸಾರಿದರು: ಸಂಜೆಯ ಫೈನಲ್ ನೋಡಲು ಜಿಲ್ಲಾ ತಂಡಕ್ಕೆ ಹುಡುಗರನ್ನು ಆರಿಸುವವರು ಬರುತ್ತಾರೆ, ಯಾರದಾದರೂ ವಯಸ್ಸಿನ ಬಗ್ಗೆ ತಕರಾರಿದ್ದರೆ ಅದಕ್ಕೆ ಮೊದಲೇ ಹೇಳಬೇಕು. ತಕರಾರು ಗೆದ್ದರೆ ಕಂಪ್ಲಿ ಮನೆಗೆ, ನಾವು ಫೈನಲಿಗೆ. ನಮ್ಮವರೆಲ್ಲ ನನ್ನ ಕಡೆ ತಿರುಗಿದರು, ಸೆಮಿಫೈನಲನ್ನು ಪೂರ್ತಿ ಮೊಬೈಲಿನಲ್ಲಿ ಹಿಡಿದವನು ನಾನೇ ತಾನೆ.

ನಮ್ಮ ಕ್ಯಾಪ್ಟನ್ ಒಬ್ಬ ಮಾತ್ರ ಒಪ್ಪಲಿಲ್ಲ. "ಬಿಡ್ಲೇ, ಸೋತೀವಿ, ಸುಮ್ನ ಹೋಗೂಣು. ಇನ್ನೊಬ್ಬರ ವಯಸ್ಸು ತಗಂಡು ನಮಗೇನಾಗಬೇಕೈತಿ?" ಎಂದ. ಎಂಥ ದೊಡ್ಡ ಮನಸ್ಸು ಎಂದು ನನಗೆ ಕಣ್ಣಲ್ಲಿ ನೀರು ಬಂತು. ಅವನ ಮುಖವೂ ಹಾಗೆಯೇ, ದಿನಕ್ಕೆರಡು ಸಲ ಬೋಳಿಸಿ ಬೋಳಿಸಿ ಸುಲಿದ ಮೊಟ್ಟೆಯಂತೆ ಹೊಳೆಯುತ್ತಿತ್ತು.

ಶಾಮಿಯಾನಾದ ಮೂಲೆಯಲ್ಲಿ ಕೂತು, ಚೀಲದಲ್ಲಿ ತಂದಿದ್ದ ಲ್ಯಾಪ್‌ಟಾಪಿನಲ್ಲಿ ವಿಡಿಯೊ ಓಡಿಸಿದೆ. ಅಲ್ಲೇ ನನಗೆ ನಿಜವಾದ ಮಜಾ ಸಿಕ್ಕಿದ್ದು. ಕಂಪ್ಲಿ ಹುಡುಗ ಗೆರೆ ದಾಟಿ ಬರುವಾಗ ಹದಿನೇಳು. ಉಸಿರು ಕಟ್ಟಿ ಕಬಡ್ಡಿ ಕಬಡ್ಡಿ ಎನ್ನುತ್ತ ಮುನ್ನುಗ್ಗಿದಾಗ ಇಪ್ಪತ್ತೆರಡು. ನಮ್ಮವರು ಮೂವರು ತೊಡೆಗೆ ಜೋತುಬಿದ್ದಾಗ ಮೂವತ್ತೊಂದು. ಅವರನ್ನೂ ಎಳೆದುಕೊಂಡೇ ಗೆರೆ ಮುಟ್ಟಿ ನಕ್ಕಾಗ ಹದಿನೈದು. ಒಂದೇ ರೈಡಿನಲ್ಲಿ ಮದುವೆಯಾಗಿ, ಮಕ್ಕಳಾಗಿ, ಮತ್ತೆ ಹೈಸ್ಕೂಲಿಗೆ ಬಂದು ಕೂತಿದ್ದ.

ಯಾಕೆ ಹೀಗೆ? ಹಿಂದೆ ಮುಂದೆ ಓಡಿಸಿ ಒಂದೊಂದೇ ಚಿತ್ರ ನಿಲ್ಲಿಸಿ ನೋಡಿದೆ. ಸಂಡೂರಿನ ಮಣ್ಣು ಕೆಂಪು. ಬೆವರಿಗೆ ಅಂಟಿದ ಆ ಧೂಳು, ಹುಡುಗ ಮುಖ ಕಿವುಚಿದಾಗ ಹಣೆಯ ಮಡಿಕೆಗಳಲ್ಲಿ ಕೂತು ಪೆನ್ನಿನಲ್ಲಿ ಗೆರೆ ಎಳೆದಂತೆ ಕಾಣುತ್ತಿತ್ತು. ಪ್ರೋಗ್ರಾಮಿಗೆ ಅದೇ ಸುಕ್ಕು. ನಕ್ಕಾಗ ಹಣೆ ಬಿಚ್ಚಿಕೊಳ್ಳುತ್ತಿತ್ತು, ವಯಸ್ಸು ಇಳಿಯುತ್ತಿತ್ತು. ನನಗೆ ರೋಮಾಂಚನವಾಯಿತು. ಇಂಥ ಸತ್ಯ ಕಂಡುಹಿಡಿದವನು ಏನು ಮಾಡಬೇಕು? ನಾನು ಮೂವತ್ತೊಂದರ ಚಿತ್ರ ಇಟ್ಟುಕೊಂಡು ಉಳಿದದ್ದನ್ನು ಮುಚ್ಚಿದೆ.

ಪಿ.ಟಿ. ಮಾಸ್ತರರು ಮೈಕು ಹಿಡಿದೇ ಬಂದು ಬಗ್ಗಿ ನೋಡಿದರು. "ಇದನ್ನ ಹೆಂಗಲೇ ನಂಬೋದು? ನಂದು ಹೇಳ್ತೈತೇನು?"

ಲ್ಯಾಪ್‌ಟಾಪಿನ ಕ್ಯಾಮೆರಾ ಅವರ ಕಡೆ ತಿರುಗಿಸಿದೆ. ಮಾಸ್ತರರು ರಿಟೈರಾಗಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದವರು, ಆದರೆ ಕೂದಲಿಗೆ ಕಪ್ಪು ಹಚ್ಚಿದ್ದರು. ನಲವತ್ತನಾಲ್ಕು ಎಂದು ಬಂತು.

ಅವರು ಗಲ್ಲ ಸವರಿಕೊಂಡರು. ಆಮೇಲೆ, "ಮಸ್ತ್ ಐತಲೇ ಮಿಷಿನ್ನು! ಖರೇ ಹೇಳ್ತೈತಿ," ಎಂದು ಕಂಪ್ಲಿ ಹುಡುಗನನ್ನು ಕರೆಸಿದರು. "ಏನಪಾ, ಮೂವತ್ತೊಂದಂತ ನಿನಗ. ಏನಂತಿ?"

ಅವನ ಮುಖ ಸಣ್ಣಗಾಯಿತು. "ಸರ, ಇಲ್ರಿ ಸರ. ನಮ್ಮ ಮನ್ಯಾಗ ಎಲ್ಲಾರಿಗೂ ಹಿಂಗರಿ. ಮೊದಲ ಮೀಸಿ ಬರ್ತಾವ, ಆಮ್ಯಾಲ ಹಲ್ಲು. ಇವತ್ತು ಆಡಾಕ ಬಿಡ್ರಿ ಸರ, ಆರಿಸಾಕ ಬರ್ತಾರಂತ, ಇದಕ್ಕಂತನ ಬಂದೀನಿ."

"ಮಿಷಿನ್ ಸುಳ್ಳು ಹೇಳ್ತೈತೇನು?"

ಹುಡುಗ ಚುರುಕಿದ್ದ. "ಹಂಗಾದ್ರ ಅವ್ರ ಕ್ಯಾಪ್ಟನ್ನಂದೂ ನೋಡ್ರಿ ಸರ."

ನೋಡೋಣ ಎಂದರು ಮಾಸ್ತರರು. ಕ್ಯಾಪ್ಟನ್ ಆಗಲೇ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಶಾಮಿಯಾನಾದ ಕಂಬದ ಹಿಂದೆ ಸರಿದಿದ್ದ. ಇಬ್ಬರು ಎಳೆದು ತಂದರು. "ನಂದ್ಯಾಕಲೇ? ನಂದು ಬ್ಯಾಡ," ಎಂದು ಟವೆಲಿನೊಳಗೇ ಅಂದ. ಟವೆಲು ಜಾರಿದ್ದೇ ತಡ, ಹಸಿರು ಚೌಕ ಹಾರಿ ಕೂತಿತು. ಇಪ್ಪತ್ತನಾಲ್ಕು.

ಎಲ್ಲರೂ ಹೋ ಎಂದು ನಕ್ಕರು. ನಾನೂ ನಕ್ಕೆ. "ಬಿಸಿಲಿಗೆ ಲ್ಯಾಪ್‌ಟಾಪ್ ಕಾದೈತ್ರಿ ಸರ," ಎಂದೆ. ಮಾಸ್ತರರಿಗೂ ತಮ್ಮ ನಲವತ್ತನಾಲ್ಕನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. "ಒಂದು ತಪ್ಪಿದ್ರ ಎಲ್ಲಾ ತಪ್ಪು ಅಂತ ಹೇಳಾಕಾಗಲ್ಲ," ಎಂದು ಕಂಪ್ಲಿಯನ್ನು ಹೊರಗೆ ಹಾಕಲು ಮೈಕು ಬಾಯಿಗಿಟ್ಟರು.

ಆಗ ಕ್ಯಾಪ್ಟನ್ನನ ಅವ್ವ ಒಳಗೆ ಬಂದಳು. ಆಕೆಯ ತವರು ಸಂಡೂರೇ. ಮಗ ಆಡುತ್ತಾನೆಂದು ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜಿ ಕಟ್ಟಿಕೊಂಡು ಬಂದಿದ್ದಳು. ಸ್ಕ್ರೀನಿನಲ್ಲಿ ಮಗನ ಮುಖ ಕಂಡು ನಿಂತಳು.

"ಅದೇನು ಬರದೀರಿ ನನ್ನ ಮಗನ ತಲಿ ಮ್ಯಾಲ?"

"ವಯಸ್ಸಮ್ಮಾ," ಎಂದ ಕಂಪ್ಲಿ ಹುಡುಗ. "ಇಪ್ಪತ್ನಾಕಂತ."

"ಇಪ್ಪತ್ನಾಕಾ!" ಆಕೆ ಬುಟ್ಟಿಯನ್ನು ನನ್ನ ಲ್ಯಾಪ್‌ಟಾಪಿನ ಮೇಲೆ ಇಳಿಸಿದಳು. "ಯಾವನ್ಲೇ ಅಂವ, ನನ್ನ ಕೂಸಿಗೆ ಇಪ್ಪತ್ನಾಕು ಅಂದಾಂವ? ನಾಳೆ ಹೆಣ್ಣು ಕೊಡೋರು ಕೇಳಿಸಿಕಂಡ್ರ ಏನ್ ಗತಿ? ಹೆತ್ತಾಕಿ ನಾನು ಹೇಳ್ತೀನಿ ಕೇಳ್ರಿ ಸರ. ಬರೋ ದೀಪಾವಳಿಗೆ ಹತ್ತೊಂಬತ್ತು ತುಂಬತಾವ. ಅಷ್ಟ! ಒಂದು ದಿನ ಹೆಚ್ಚಿಲ್ಲ!"

"ಅವ್ವಾ," ಎಂದ ಕ್ಯಾಪ್ಟನ್.

"ನೀ ಸುಮ್ಕಿರು. ಮಂದಿ ಏನರ ಅಂದ್ರ ಬಾಯಿ ಬಿಡಂಗಿಲ್ಲ ನೀನು."

ಮೈಕು ಆನ್ ಇತ್ತು. ಮೈದಾನದ ಆಚೆ ತುದಿಯಲ್ಲಿ ಕಬ್ಬಿನ ಹಾಲು ಕುಡಿಯುತ್ತಿದ್ದವರೂ ಇತ್ತ ತಿರುಗಿದ್ದರು. ಮಾಸ್ತರರು ಕನ್ನಡಕ ತೆಗೆದು ಕ್ಯಾಪ್ಟನ್ನನನ್ನು ನೋಡಿದರು, ಆಮೇಲೆ ನನ್ನನ್ನು. ಫೈನಲ್ ಆಡುವುದು ಕಂಪ್ಲಿಯೇ ಎಂದು ಮೈಕಿನಲ್ಲಿ ಹೇಳಿ, ಹೊಸಪೇಟೆಯ ಹುಡುಗರು ಬಸ್ಸು ಹಿಡಿಯಬಹುದು ಎಂದು ಸೇರಿಸಿದರು.

ತಾನೇನು ಮಾಡಿದೆನೆಂದು ಆಕೆಗೆ ಇನ್ನೂ ತಿಳಿದಿರಲಿಲ್ಲ. ಬುಟ್ಟಿ ಬಿಚ್ಚಿ ಎಲ್ಲರಿಗೂ ಬಜಿ ಹಂಚುತ್ತ ಕಂಪ್ಲಿ ಹುಡುಗನ ಬಳಿ ಬಂದಳು. ಮೀಸೆಯತ್ತ ನೋಡಲೂ ಇಲ್ಲ.

"ನೀನ್ಯಾಕ ದೂರ ನಿಂತೀ ಕೂಸೇ, ತಿನ್ನು. ಎಷ್ಟನೇ ಕ್ಲಾಸ್ ಓದ್ತಿ?"

"ಒಂಬತ್ತನೇ ಕ್ಲಾಸ್, ಅಮ್ಮಾ," ಎಂದ, ಬಾಯಿ ತುಂಬ ಬಜಿ ಇಟ್ಟುಕೊಂಡು.