ಮೂರು ಸಲ ಕೆಟ್ಟ ಲ್ಯಾಪ್‌ಟಾಪ್

ಕಂಪ್ಯೂಟರ್ ನಡೆಸುವ ಲಿನಕ್ಸ್ ವ್ಯವಸ್ಥೆ ಕೈಕೊಡುವುದೇ ಇಲ್ಲವೆಂದು ಸರಸ್ವತಿಪುರಂ ಲೈಬ್ರರಿಯಲ್ಲಿ ಹತ್ತು ಜನರೆದುರು ಕೊಚ್ಚಿಕೊಂಡು ವೃಷಭೇಂದ್ರಪ್ಪ ಲ್ಯಾಪ್‌ಟಾಪಿನ ವೈರ್‌ಲೆಸ್ ಗುಂಡಿ ಒತ್ತಿದರು. ಪರದೆ ಕಲ್ಲಿನಂತೆ ನಿಂತಿತು. ಲಿನಕ್ಸ್ ಕುಸಿದ ಗುರುತಾಗಿ ಕ್ಯಾಪ್ಸ್‌ಲಾಕ್ ದೀಪ ಮಿಣುಕತೊಡಗಿತು. ಹತ್ತೂ ಜನ ಕೆಮ್ಮಿದರು.

ಲ್ಯಾಪ್‌ಟಾಪ್ ಮಗಳು ಅಕ್ಷತಾಳದು. ಅವಳು ಅಜ್ಜಿ ಮನೆಗೆ ಹೋಗಿದ್ದಾಗ ಇವರು ಕೇಳದೆ ಅದಕ್ಕೆ ಲಿನಕ್ಸ್ ತುಂಬಿದ್ದರು. ಸೋಮವಾರ ಅವಳು ಒಪ್ಪಿಸಬೇಕಾದ ಪ್ರಬಂಧವೂ ಅದರೊಳಗೇ ಇತ್ತು.

ವೃಷಭೇಂದ್ರಪ್ಪ ಅದನ್ನು ರಿಪೇರಿ ಅಂಗಡಿಗೆ ಒಯ್ದರು. ಅಂಗಡಿಯ ಸಂತಿಯಾಗು ಮೇಟಗಳ್ಳಿಯ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಮೆಷಿನ್‌ಗಳ ಜೊತೆ ಬಾಳಿದವರು. ಕಣ್ಣೆದುರು ಮೂರು ಸಲ ಕೆಡುವವರೆಗೆ ಯಾವುದಕ್ಕೂ ಮದ್ದು ಹುಡುಕುತ್ತಿರಲಿಲ್ಲ.

"ಏನಾಗಿದೆ ಸಾರ್?"

"ವೈರ್‌ಲೆಸ್ ಕೈಕೊಡ್ತಿದೆ ಕಣ್ರೀ." ಪ್ರಬಂಧದ ಮಾತೆತ್ತಲು ವೃಷಭೇಂದ್ರಪ್ಪನವರಿಗೆ ನಾಚಿಕೆ.

ಸಂತಿಯಾಗು ಲ್ಯಾಪ್‌ಟಾಪ್ ಮತ್ತೆ ಚಾಲೂ ಮಾಡಿ, ಪೆನ್‌ಡ್ರೈವ್ ಒಂದನ್ನು ಸಿಕ್ಕಿಸಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು, ವೈರ್‌ಲೆಸ್ ಒತ್ತಿದರು. ದೀಪ ಮಿಣುಕಿತು. "ಒಂದು" ಎಂದು ಬರೆದುಕೊಂಡರು. ಎರಡನೆಯ ಸಲ ಡಿಸ್ಕ್ ಕರಕರ ಎಂದಿತು. ಮೂರನೆಯ ಸಲ ಆರಿದ ಪರದೆ ಮತ್ತೆ ಬೆಳಗಲೇ ಇಲ್ಲ.

"ವೈರ್‌ಲೆಸ್ ನಡೆಸೋ ಡ್ರೈವರ್ ಪ್ರೋಗ್ರಾಂ ಕೆಟ್ಟು ಬೀಳುವಾಗ ಇಡೀ ಲಿನಕ್ಸನ್ನೇ ಎಳ್ಕೊಂಡು ಬೀಳ್ತಿದೆ ಸಾರ್. ಈಗ ಅದೂ ಕೆಟ್ಟೋಯ್ತು, ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ತುಂಬ್ಬೇಕು."

"ಅಯ್ಯೋ, ಮಗಳ ಪ್ರಬಂಧ ಅದ್ರಲ್ಲೇ ಇತ್ತಲ್ರೀ!"

ಸಂತಿಯಾಗು ಪೆನ್‌ಡ್ರೈವನ್ನು ಮುಂದಿಟ್ಟರು. "ಒಳಗಿದ್ದದ್ದೆಲ್ಲ ಮೊದಲೇ ಇದಕ್ಕೆ ಇಳಿಸ್ಕೊಂಡಿದ್ದೆ."

"ಆಗ್ಲೇ ಹೇಳ್ಬಾರ್ದಿತ್ತೇನ್ರೀ?"

"ನೀವು ವೈರ್‌ಲೆಸ್ ವಿಷಯ ಮಾತ್ರ ಹೇಳಿದ್ರಿ ಸಾರ್."