ಕತ್ತೆಯ ಠಸ್ಸೆ

ಸೀತಾಬಾಯಿಯವರನ್ನು ಮೆತ್ತನೆಯ ಹೆಂಗಸು ಅಂದುಕೊಂಡವರಿಗೆಲ್ಲ ನನ್ನದೊಂದು ದೊಡ್ಡ ನಮಸ್ಕಾರ. ಟೆಕ್ಸಸ್‌ನ ರಿಚರ್ಡ್‌ಸನ್ ಊರಿನ ನಮ್ಮ ಬೀದಿಯಲ್ಲಿ ನಾವೆಲ್ಲರೂ ಹಾಗೇ ಅಂದುಕೊಂಡಿದ್ದೆವು. ಅರವತ್ತೊಂದು ವರ್ಷ, ಇಳಕಲ್ ಸೀರೆಯ ಮೇಲೆ ತೀರಿಕೊಂಡ ಗಂಡನ ಬೂದು ಸ್ವೆಟರು, ಯಾರ ಮನೆಗೆ ಹೋದರೂ ಕೈಯಲ್ಲೊಂದು ಸ್ಟೀಲಿನ ಡಬ್ಬಿ. ಕಾರು ಕಲಿಯಲು ಹೆದರುತ್ತಿದ್ದರು. ಹಾಗಾಗಿ ಪಕ್ಕದ ಮನೆಯ ನಾನೇ ಅವರ ಕಾಯಂ ಡ್ರೈವರು.

ಮದುವೆಗೆ ಮುಂಚೆ ಅವರು ಧಾರವಾಡದಲ್ಲಿ ಶಾಲಾ ಶಿಕ್ಷಕಿ. ಮೂರು ಚುನಾವಣೆಗಳಲ್ಲಿ ಮತಗಟ್ಟೆಯ ಡ್ಯೂಟಿ ಮಾಡಿದ್ದರು. ಮತ ಹಾಕುವ ಮರೆಯ ಹಿಂದೆ ಇಣುಕಿದ ಊರ ಧಣಿಯೊಬ್ಬನನ್ನು ತೋಳು ಹಿಡಿದು ಹೊರಗೆ ನಿಲ್ಲಿಸಿದ ಕಥೆಯನ್ನು ನನಗೆ ನೂರು ಸಲ ಹೇಳಿದ್ದಾರೆ. ಮತ ಎಂದರೆ ಗುಟ್ಟು, ಅದನ್ನು ಕೇಳುವವನು ಅಪರಾಧಿ. ಇದು ಅವರ ಮಟ್ಟಿಗೆ ಮಡಿಗಿಂತ ದೊಡ್ಡ ವಿಷಯ.

ಇಲ್ಲಿಯ ಎರಡು ಪಕ್ಷಗಳ ಗುರುತು ಆನೆ ಮತ್ತು ಕತ್ತೆ. ಗಂಡ ಶ್ಯಾಮಸುಂದರ ಅವರು ಆನೆಯ ಕಡೆಯವರು. ಆದರೆ ಪೌರತ್ವದ ಕಾಗದ ಬರುವ ಮೊದಲೇ ಹೋಗಿಬಿಟ್ಟರು. ಸೀತಾಬಾಯಿಗೆ ಅದು ಸಿಕ್ಕಿದ್ದು ೨೦೦೩ರಲ್ಲಿ. ತಮ್ಮ ಮೊದಲ ಮತ ಯಜಮಾನರ ಪಕ್ಷಕ್ಕೇ ಹೋಗಬೇಕೆಂದು ಅವರ ಆಸೆ.

೨೦೦೪ರ ಮಾರ್ಚ್‌ನಲ್ಲಿ ಪ್ರೈಮರಿ ಬಂತು. ನವೆಂಬರಿನ ನಿಜವಾದ ಚುನಾವಣೆಗೆ ಪ್ರತಿ ಪಕ್ಷವೂ ತನ್ನ ಅಭ್ಯರ್ಥಿಗಳನ್ನು ಆರಿಸಿಕೊಳ್ಳುವ ಚುನಾವಣೆ ಇದು. ಹತ್ತಿರದ ಶಾಲೆಯಲ್ಲಿ ಎರಡು ಟೇಬಲ್, ಪಕ್ಷಕ್ಕೊಂದು. ಟೆಕ್ಸಸ್‌ನಲ್ಲಿ ಪಕ್ಷದ ಸದಸ್ಯತ್ವ ಅಂತ ಏನೂ ಇಲ್ಲ. ಆ ದಿನ ಯಾವ ಟೇಬಲ್ಲಿಗೆ ಹೋಗುತ್ತೀರೋ ಆ ವರ್ಷವೆಲ್ಲ ನೀವು ಆ ಪಕ್ಷದವರು. ನಿಮ್ಮ ಮತದಾರರ ಚೀಟಿಯ ಮೇಲೆ ಅದರ ಠಸ್ಸೆ ಬೀಳುತ್ತದೆ. ಇದು ನನಗೆ ಈಗ ಗೊತ್ತು. ಆಗ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಜಾಯಮಾನವೂ ನನ್ನದಲ್ಲ.

ಬಾಗಿಲಲ್ಲೇ ಒಬ್ಬ ಕೇಳಿದ, ಯಾವ ಪಕ್ಷ ಅಂತ. ಸೀತಾಬಾಯಿ ಬೆಂಕಿಯಾದರು.

"ಅಲ್ಲವಾ ತಂಗಿ, ಯಾವ ಪಕ್ಷ ಅಂತ ಬಾಯಿಬಿಟ್ಟು ಕೇಳ್ತಾನಲ್ಲ ಇಂವಾ! ನಮ್ಮ ಕಡೆ ಹಿಂಗ ಕೇಳಿದ್ರ ಸಸ್ಪೆಂಡ್ ಮಾಡ್ತಿದ್ರು. ನಾ ಹೇಳಂಗಿಲ್ಲ."

ಹಿಂದೆ ಜನ ಗೊಣಗುತ್ತಿದ್ದರು. ನನ್ನ ಮಗಳು ತನ್ವಿಯನ್ನು ಡ್ಯಾನ್ಸ್ ಕ್ಲಾಸಿನಿಂದ ಕರೆತರುವ ಹೊತ್ತಾಗಿತ್ತು. ನಾನು ಅವರ ಮೊಣಕೈ ಹಿಡಿದು ಎಳೆದೆ. "ಬನ್ನಿ ಆಂಟಿ, ಯಾವ ಟೇಬಲ್ ಆದ್ರೂ ಒಂದೇ. ಆ ಕಡೆ ಕ್ಯೂನೇ ಇಲ್ಲ." ಅದು ಕತ್ತೆಯ ಟೇಬಲ್. ಅಲ್ಲಿ ಕೊಟ್ಟ ಪಟ್ಟಿಯಲ್ಲಿ ಯಜಮಾನರು ಹೇಳುತ್ತಿದ್ದ ಒಂದು ಹೆಸರೂ ಇಲ್ಲವೆಂದು ಅವರು ತಬ್ಬಿಬ್ಬಾದರು. ಅಂತೂ ಯಾವುದೋ ಒಂದಕ್ಕೆ ಗುರುತು ಹಾಕಿ ಹೊರಗೆ ಬಂದರು.

ಸಂಜೆ ಏಳೂಕಾಲಕ್ಕೆ ಅದೇ ಶಾಲೆಯಲ್ಲಿ ಆನೆ ಪಕ್ಷದ ನಮ್ಮ ಬಡಾವಣೆಯ ಸಭೆ. ಜಿಲ್ಲೆಯ ಸಭೆಗೆ, ಅಲ್ಲಿಂದ ರಾಜ್ಯದ ಅಧಿವೇಶನಕ್ಕೆ ಹೋಗುವ ಪ್ರತಿನಿಧಿಗಳ ಆಯ್ಕೆ ಶುರುವಾಗುವುದೇ ಇಲ್ಲಿ. ಸೀತಾಬಾಯಿ ಬೆಳಿಗ್ಗೆಯೇ ಬೇಸನ್ ಉಂಡೆ ಕಟ್ಟಿಟ್ಟಿದ್ದರು. ಮೊದಲ ಸಲ ಹೋಗುವಾಗ ಬರಿಗೈಯಲ್ಲಿ ಹೋಗುವುದು ಹೇಗೆ? ಡಬ್ಬಿಯನ್ನು ಎದುರಿಗಿಟ್ಟು, ಮುಂದಿನ ಸಾಲಿನಲ್ಲಿ ಕೂತರು. ನಾನು ಹಿಂದೆ ಗೋಡೆಗೆ ಒರಗಿ ನಿಂತೆ.

ಬಡಾವಣೆಯ ಮುಖಂಡ ವೇಡ್ ಹಾಲ್ಕಮ್ ಚೀಟಿಗಳನ್ನು ನೋಡುತ್ತಾ ಬಂದ. ಆರಡಿ ಆಳು, ಸೊಂಟದಲ್ಲಿ ತಟ್ಟೆಯಗಲದ ಬಕಲು, ಕೋಟಿನ ತುಂಬ ಹಳೆಯ ಅಧಿವೇಶನಗಳ ಬಿಲ್ಲೆಗಳು. ಸೀತಾಬಾಯಿಯ ಚೀಟಿಯನ್ನು ನಲವತ್ತು ಜನಕ್ಕೆ ಕಾಣುವಂತೆ ಮೇಲೆತ್ತಿ ಹಿಡಿದ.

"ಮೇಡಂ, ಇದರ ಮೇಲೆ ಕತ್ತೆಯ ಠಸ್ಸೆ ಇದೆ. ಈ ದೇಶದಲ್ಲಿ ವಯಸ್ಸಿಗೆ ಬಂದವರಿಗೆ ತಾವು ಯಾವ ಪಕ್ಷಕ್ಕೆ ಮತ ಹಾಕಿದೆವು ಅಂತ ಗೊತ್ತಿರುತ್ತದೆ. ಯಾರು ನಿಮಗೆ ಆ ಟೇಬಲ್ ತೋರಿಸಿದ್ದು?"

ಜನ ನಕ್ಕರು. ಸೀತಾಬಾಯಿ ತಿರುಗಿ ನನ್ನನ್ನು ನೋಡಿದರು. ನಾನು ಪರ್ಸಿನೊಳಗೆ ಕೈ ಹಾಕಿ ಕಾರಿನ ಕೀ ಹುಡುಕತೊಡಗಿದೆ.

"ನಿಯಮ ಅಂದರೆ ನಿಯಮ," ಅಂದ ಹಾಲ್ಕಮ್. "ಯಾರ ಜೊತೆ ಮತ ಹಾಕಿದಿರೋ ಅವರ ಜೊತೆಗೇ ಹೋಗಿ ಕೂತುಕೊಳ್ಳಿ." ಉಂಡೆಯ ಡಬ್ಬಿಯನ್ನು ಎರಡು ಬೆರಳಿನಿಂದ ಅವರತ್ತ ತಳ್ಳಿದ. "ಇದನ್ನೂ ತೆಗೆದುಕೊಂಡು ಹೋಗಿ."

ಅವತ್ತು ಸೀತಾಬಾಯಿ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತರು. ಮಾರನೆಯ ದಿನ "ಹೋಗ್ಲಿ ಬಿಡವಾ, ನೀ ಏನು ಮಾಡ್ತಿ" ಅಂದರು. ಕ್ಷಮಿಸಿದರು ಅಂದುಕೊಂಡು ನಾನು ಹಾಯಾಗಿ ನಿದ್ದೆ ಮಾಡಿದೆ.

ಆಮೇಲೆ ಅವರು ಓದತೊಡಗಿದರು. ರಾಜ್ಯದ ಚುನಾವಣಾ ಕಾನೂನನ್ನು ಲೈಬ್ರರಿಯಲ್ಲಿ ಪ್ರಿಂಟ್ ತೆಗೆಸಿ ದಾರದಿಂದ ಹೊಲಿದುಕೊಂಡರು. ಚುನಾವಣೆಯ ಗುಮಾಸ್ತರ ತರಬೇತಿಗೆ ಹೋದರು. ಮುಂದಿನ ಪ್ರೈಮರಿಯಲ್ಲಿ ಆನೆಯ ಠಸ್ಸೆಯನ್ನೇ ಹಾಕಿಸಿಕೊಂಡು, ಅದೇ ಪಕ್ಷದ ಟೇಬಲ್ಲಿನಲ್ಲಿ ಕೆಲಸಕ್ಕೆ ಕೂತರು. ಕರೆದೊಯ್ಯುವುದು, ಕರೆತರುವುದು ನನ್ನ ಪಾಲು. ಹಾಲ್ಕಮ್ ಅವರನ್ನು ಗುರುತೇ ಹಿಡಿಯಲಿಲ್ಲ. ಅದಂತೂ ಅವರನ್ನು ಇನ್ನಷ್ಟು ಸುಟ್ಟಿತು.

೨೦೦೮ರ ಮಾರ್ಚ್ ಬಂತು. ಆ ವರ್ಷ ಕತ್ತೆ ಪಕ್ಷದೊಳಗೆ ಇಬ್ಬರ ನಡುವೆ ಭಾರಿ ಜಿದ್ದಾಜಿದ್ದಿ. ಆ ಕಡೆ ಹೋಗಿ, ನವೆಂಬರಿನಲ್ಲಿ ಸುಲಭಕ್ಕೆ ಸೋಲುವವರನ್ನು ಗೆಲ್ಲಿಸಿ ಬನ್ನಿ ಎಂದು ಆನೆಯ ಕಡೆಯ ಕೆಲವರು ಪಿಸುಗುಡುತ್ತಿದ್ದರು. ನಮ್ಮ ವಿಧಾನಸೌಧದ ಭಾಷೆಯಲ್ಲಿ ಅಡ್ಡ ಮತದಾನ.

ಪ್ರೈಮರಿಯ ದಿನ ಮಧ್ಯಾಹ್ನ, ಟೇಬಲ್ಲಿನಲ್ಲಿ ಕೆಲಸಕ್ಕೆ ಕೂತಿದ್ದ ಸೀತಾಬಾಯಿಗೆ ಚಪಾತಿ ಪಲ್ಯ ಕೊಡಲು ಹೋದೆ. ಅವರು ಮತದಾರರ ಪಟ್ಟಿಯ ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಮುಂಚಿತವಾಗಿ ಮತ ಹಾಕಿದವರ ಹೆಸರಿನ ಮುಂದೆ ಪಕ್ಷದ ಗುರುತಿರುತ್ತದೆ. ಹಾಲ್ಕಮ್ ಹೆಸರಿನ ಮುಂದೆ ಕತ್ತೆ ಪಕ್ಷ ಅಂತಿತ್ತು. ಯಾರಿಗೂ ಕಾಣಬಾರದೆಂದು ಎಲ್ಲೋ ದೂರದ ಕೇಂದ್ರಕ್ಕೆ ಹೋಗಿ ಹಾಕಿ ಬಂದಿದ್ದ ಮಹಾನುಭಾವ.

"ಈಗ್ಲೇ ಅವನಿಗೆ ಒಂದು ಮಾತು ಹೇಳಿಬಿಡಿ ಆಂಟಿ, ಸಂಜೆ ಸಭೆಗೆ ಬರದೇ ಮನೇಲಿ ಕೂತ್ಕೋತಾನೆ, ಮಾನ ಉಳಿಯತ್ತೆ," ಅಂದೆ.

"ಅದಕ್ಕಽ ಹೇಳೂದಿಲ್ಲ," ಅಂದರು. "ನಾಕು ವರ್ಷ ಕಾದೇನಿ. ಏಳು ತಾಸು ಯಾವ ಲೆಕ್ಕ?"

ಅಷ್ಟರಲ್ಲಿ ಹಾಲ್ಕಮ್ ಎಲ್ಲರಿಗೂ ಡೋನಟ್ ಹಂಚುತ್ತಾ ಬಂದ. ಸೀತಾಬಾಯಿ ಒಂದನ್ನು ತೆಗೆದುಕೊಂಡು, ಥ್ಯಾಂಕ್ಯೂ ಹೇಳಿ, ಅವನ ಎದುರಿಗೇ ಪೂರ್ತಿ ತಿಂದರು.

ಸಂಜೆ ಕತ್ತೆ ಪಕ್ಷದ ಸಭೆಗೆ ಬಂದ ಜನ ಕಾರಿಡಾರಿನ ಉದ್ದಕ್ಕೂ ಕ್ಯೂ ನಿಂತಿದ್ದರು. ಆನೆಯ ಸಭೆಗೆ ಬಂದವರು ಇಪ್ಪತ್ತಾರು ಮಂದಿ. ಅಷ್ಟರಲ್ಲಿ ನನಗೂ ಪೌರತ್ವ ಸಿಕ್ಕಿತ್ತು, ಸರಿಯಾದ ಠಸ್ಸೆಯೂ ಇತ್ತು. ಜೂನ್‌ನಲ್ಲಿ ಹ್ಯೂಸ್ಟನ್ನಿನ ರಾಜ್ಯ ಅಧಿವೇಶನಕ್ಕೆ ಹೋಟೆಲು ಆಗಲೇ ಬುಕ್ ಮಾಡಿದ್ದೇನೆಂದು ಹೇಳುತ್ತಾ ಹಾಲ್ಕಮ್ ಮರದ ಸುತ್ತಿಗೆ ಎತ್ತಿದ. ಸೀತಾಬಾಯಿ ಎದ್ದು ನಿಂತರು.

"ಆಕ್ಷೇಪಣೆ ಇದೆ," ಎಂದು ತಮ್ಮ ಧಾರವಾಡದ ಇಂಗ್ಲಿಷಿನಲ್ಲಿ ಹೇಳಿ, ಪಟ್ಟಿಯ ಆ ಸಾಲನ್ನು ಓದಿದರು. ಕಾನೂನಿನ ಕಲಮನ್ನು ನೋಡಿಕೊಳ್ಳದೇ ಹೇಳಿದರು.

"ವೇಡ್, ನಿಜವೇ?" ಎಂದು ಹಿಂದಿನಿಂದ ಒಬ್ಬ ಮುದುಕ ಕೇಳಿದ.

ಹಾಲ್ಕಮ್‌ನ ಕುತ್ತಿಗೆ ಕೆಂಪಾಯಿತು. "ಪಕ್ಷದ ಒಳ್ಳೆಯದಕ್ಕೇ ಮಾಡಿದ್ದು. ಅವರ ದುರ್ಬಲ ಅಭ್ಯರ್ಥಿಗೆ..." ಈ ಸಲ ಯಾರೂ ನಗಲಿಲ್ಲ.

"ನಿಯಮ ಅಂದರೆ ನಿಯಮ," ಅಂದರು ಸೀತಾಬಾಯಿ. "ಯಾರ ಜೊತೆ ಮತ ಹಾಕಿದಿರೋ ಅವರ ಜೊತೆಗೇ ಹೋಗಿ ಕೂತುಕೊಳ್ಳಿ."

ಆಗ ಅವನಿಗೆ ನೆನಪಾಯಿತು. ಅದು ಮುಖದಲ್ಲಿ ಕಂಡಿತು, ಮತ್ತು ಅದನ್ನು ನೋಡಿ ನನಗೆ ಆದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ಬಿಲ್ಲೆಗಳ ಕೋಟು ತೊಟ್ಟುಕೊಂಡು ಅವನು ಆ ಕತ್ತೆ ಪಕ್ಷದ ಕ್ಯೂ ದಾಟಿಕೊಂಡೇ ಹೊರಗೆ ಹೋಗಬೇಕಾಯಿತು. ಬಾಗಿಲು ಮುಚ್ಚಿದ ಮೇಲೆ ಸೀತಾಬಾಯಿ ಅದೇ ಸ್ಟೀಲಿನ ಡಬ್ಬಿ ತೆರೆದು ಉಳಿದ ಪ್ರತಿಯೊಬ್ಬರ ಕೈಗೂ ಒಂದೊಂದು ಬೇಸನ್ ಉಂಡೆ ಇಟ್ಟರು. ಸಭೆ ಅವರನ್ನೇ ಪ್ರತಿನಿಧಿಯಾಗಿ ಆರಿಸಿತು. ನನ್ನ ಕೈಗೆ ಮಾತ್ರ ಉಂಡೆ ಬರಲಿಲ್ಲ. ಗಡಿಬಿಡಿಯಲ್ಲಿ ಮರೆತರೇನೋ ಅಂದುಕೊಂಡೆ.

ಕಾರಿನಲ್ಲಿ ಅವರ ತೊಡೆಯ ಮೇಲಿದ್ದ ಡಬ್ಬಿಯಲ್ಲಿ ಒಂದೇ ಒಂದು ಉಳಿದಿತ್ತು. ನಗುತ್ತಾ ಕೈ ಚಾಚಿದೆ. ಅವರು ಮುಚ್ಚಳ ಹಾಕಿಬಿಟ್ಟರು.

"ಯಾರು ಟೇಬಲ್ ತೋರಿಸಿದ್ರು ಅಂತ ಅಂವಾ ಕೇಳಿದಾಗ ನೀ ಪರ್ಸಿನ್ಯಾಗ ಕೀಲಿ ಹುಡುಕ್ಲಿಕ್ಕೆ ಹತ್ತಿದ್ದಿ ತಂಗಿ," ಅಂದರು. "ಕೀಲಿ ನಿನ್ನ ಇನ್ನೊಂದು ಕೈಯಾಗಽ ಇತ್ತು."

ಮರುದಿನವೇ ಅವರು ಡ್ರೈವಿಂಗ್ ಶಾಲೆಗೆ ಸೇರಿದರು. ಜಿಲ್ಲೆಯ ಸಭೆಯಲ್ಲೂ ಆಯ್ಕೆಯಾದರು. ಜೂನ್‌ನಲ್ಲಿ ಒಂದು ಬೆಳಿಗ್ಗೆ, ಸ್ವೆಟರಿಗೆ ಪ್ರತಿನಿಧಿಯ ಬಿಲ್ಲೆ ಚುಚ್ಚಿಕೊಂಡು, ಒಬ್ಬರೇ ಕಾರು ಓಡಿಸಿಕೊಂಡು ಹ್ಯೂಸ್ಟನ್ನಿಗೆ ಹೊರಟರು. ಹೋಗುವಾಗ ನಮ್ಮ ಮನೆಯ ಮುಂದೆ ನಿಧಾನ ಮಾಡಿ, ನಾನು ಕಿಟಕಿಗೆ ಬರುವವರೆಗೂ ಹಾರ್ನ್ ಹೊಡೆದರು.